ಪ್ರಾರ್ಥನೆಯಲ್ಲಿ ನೆನಪು ಮಾಡುತ್ತೇನೆ

ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ನಾನು ಈ ದೇಶವನ್ನು ಆಳುವವರಿಗಾಗಿ ಪ್ರಾರ್ಥಿಸುತ್ತ ಬಂದಿದ್ದೇನೆ. ಅದರ ಪರಿಣಾಮ ನಿಮ್ಮ ಕಣ್ಣಿಗೆ ಬೀಳದಿದ್ದರೆ ತಪ್ಪು ಅವರದೋ ನನ್ನದೋ ಹೇಳಲಾರೆ. ನನ್ನ ಕಡೆಯಿಂದ ಮಾತ್ರ ಒಂದು ವಾರವೂ ತಪ್ಪಿಲ್ಲ.

ಮುಂಬೈ ಬಳಿಯ ಕಲ್ಯಾಣದ ಪೂರ್ವ ಭಾಗದಲ್ಲಿರುವ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯಲ್ಲಿ ಪಾಸ್ಟರ ಪ್ರಸಂಗಕ್ಕೆ ಮೊದಲು ‘ಸಾರ್ವಜನಿಕ ಪ್ರಾರ್ಥನೆ’ ಎಂದೊಂದು ಇರುತ್ತದೆ. ಅದು ನನ್ನ ಪಾಲಿನ ಕೆಲಸ. ಹಡಗಿನ ಕಂಪನಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದವನು ನಾನು. ಪ್ರಾರ್ಥನೆಯನ್ನೂ ಸೀನಿಯಾರಿಟಿ ಪಟ್ಟಿ ಹಿಡಿದೇ ಮಾಡುತ್ತೇನೆ. ರಾಷ್ಟ್ರಪತಿಯವರಿಂದ ಹೊರಟು ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿ, ಕಲೆಕ್ಟರು, ಪಾಲಿಕೆಯ ಆಯುಕ್ತರು ಎಂದು ಮೆಟ್ಟಿಲಿಳಿದು ನಮ್ಮ ವಾರ್ಡಿನ ನಗರಸೇವಕರ, ಅಂದರೆ ಕಾರ್ಪೊರೇಟರರ, ಹತ್ತಿರ ಬಂದು ನಿಲ್ಲುತ್ತೇನೆ. ದೇವರ ಮುಂದೆ ಯಾರ ಹುದ್ದೆಯನ್ನೂ ಹಿಂದೆ ಮುಂದೆ ಮಾಡಿದವನಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಗಾಯನ ಮಂಡಳಿಯ ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದು, “ಅಂಕಲ್, ಅಪನೇ ಯಹಾಂ ನಗರಸೇವಕ್ ಹೈ ಹೀ ನಹೀ. ಟರ್ಮ್ ಕಬ್ ಕಾ ಖತಮ್ ಹೋ ಗಯಾ” ಎಂದಳು. ವಿಚಾರಿಸಿ ನೋಡಿದರೆ ನಿಜ. ಅವಧಿ ಮುಗಿದು, ಚುನಾವಣೆ ನಡೆಯದೆ, ಆಡಳಿತಾಧಿಕಾರಿಯೊಬ್ಬರು ಕೂತಿದ್ದರು. ಹೆಚ್ಚುಕಡಿಮೆ ಎರಡು ವರ್ಷ ನಾನು ಇಲ್ಲದ ಮನುಷ್ಯನಿಗೆ ವಿವೇಕವನ್ನೂ ಆರೋಗ್ಯವನ್ನೂ ಬೇಡುತ್ತಿದ್ದೆ. ಸಭೆಯವರೆಲ್ಲ ಅದಕ್ಕೆ ‘ಆಮೆನ್’ ಎನ್ನುತ್ತಿದ್ದರು.

ಆಳುವವರಿಗಾಗಿ ಪ್ರಾರ್ಥಿಸಬೇಕೆಂಬುದು ನಮ್ಮಲ್ಲಿ ಸಭೆಯ ಹುಟ್ಟಿನಷ್ಟೇ ಹಳೆಯ ಕಟ್ಟಳೆ. ಅದನ್ನು ಮಾಡಿದ ಕಾಲದಲ್ಲಿ ಆಳುತ್ತಿದ್ದ ಚಕ್ರವರ್ತಿಗಳು ಸಭೆಯವರನ್ನು ಹಿಡಿದು ಸಿಂಹದ ಬಾಯಿಗೆ ಕೊಡುತ್ತಿದ್ದರಂತೆ. ಅಂಥವರಿಗಾಗಿ ಬೇಡಿಕೊಳ್ಳಲು ಗುಂಡಿಗೆ ಬೇಕು. ನನಗೆ ಬೇಕಾದದ್ದು ಒಗೆದ ಅಂಗಿ ಮತ್ತು ಸ್ಪಷ್ಟ ಉಚ್ಚಾರ ಮಾತ್ರ. ಉಚ್ಚಾರದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇದೆ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಸಭೆಗೆ ಸ್ವಂತ ಕಟ್ಟಡವಿಲ್ಲ. ಬೆಳಿಗ್ಗೆ ಮರಾಠಿಯವರು, ಸಂಜೆ ತಮಿಳರು, ನಡುವೆ ನಾಲ್ಕು ಗಂಟೆಯ ಬಿಸಿಲಿಗೆ ನಾವು. ಮುಂದಿನ ಬೆಂಚುಗಳಲ್ಲಿ ನಮ್ಮಂಥ ಉಡುಪಿ, ಮುಲ್ಕಿ ಕಡೆಯ ಹಳೆಯ ಮಿಷನ್ ಕುಟುಂಬಗಳು; ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದವರು. ಹಿಂದಿನ ಬೆಂಚುಗಳಲ್ಲಿ ಕಲಬುರಗಿ, ರಾಯಚೂರು ಕಡೆಯವರು. ಕಟ್ಟಡದ ಕೆಲಸ, ಹಮಾಲಿ, ಹೌಸ್‌ಕೀಪಿಂಗ್ ಮಾಡುವವರು. ಹೀಗೆ ಕೂರಬೇಕೆಂದು ಯಾರೂ ಹೇಳಿಲ್ಲ. ಅವರು ತಡವಾಗಿ ಬರುತ್ತಾರೆ, ಆದ್ದರಿಂದ ಹಿಂದೆ ಕೂರುತ್ತಾರೆ ಎಂದು ನಾವು ಹೇಳಿಕೊಳ್ಳುತ್ತೇವೆ. ಬೇಗ ಬಂದ ದಿನವೂ ಅವರು ಹಿಂದೆಯೇ ಕೂತಿರುತ್ತಾರೆ.

ಮುಂದಿನ ಬೆಂಚಿನವರಿಗೆ ಇತಿಹಾಸದ ಹುಚ್ಚು ಸ್ವಲ್ಪ ಜಾಸ್ತಿ. ವಾರ್ಷಿಕೋತ್ಸವಕ್ಕೆ ಕರ್ನಾಟಕ ಸಂಘದವರನ್ನೋ ಹೋಟೆಲಿನ ಶೆಟ್ಟರನ್ನೋ ಅತಿಥಿಯಾಗಿ ಕರೆದರೆ ನಾನು ಸ್ವಾಗತ ಭಾಷಣದಲ್ಲಿ ತಪ್ಪದೆ ಹೇಳುವುದುಂಟು: ಕನ್ನಡದ ಮೊದಲ ಪತ್ರಿಕೆ ಅಚ್ಚಾದದ್ದು ನಮ್ಮ ಮಿಷನ್ನಿನ ಪ್ರೆಸ್ಸಿನಲ್ಲಿ, ದೊಡ್ಡ ನಿಘಂಟು ನಮ್ಮವರದು, ಹೆಂಚಿನ ಕಾರ್ಖಾನೆ ನಮ್ಮದು, ಹೆಣ್ಣುಮಕ್ಕಳ ಶಾಲೆ ನಮ್ಮದು ಎಂದು. ಒಂದೂ ಸುಳ್ಳಲ್ಲ. ಆದರೆ ಹೇಳಿ ಕೂತ ಮೇಲೆ ಪ್ರತಿ ಸಲ ಒಂದು ಇರಿಸುಮುರಿಸು. ನಮ್ಮಜ್ಜ ತುಪ್ಪ ತಿಂದಿದ್ದ, ಬೇಕಿದ್ದರೆ ನನ್ನ ಕೈ ಮೂಸಿ ನೋಡಿ ಅಂದ ಹಾಗಾಯಿತಲ್ಲ ಅನಿಸುತ್ತದೆ. ಅಜ್ಜಂದಿರು ಊರಿಗೆಲ್ಲ ಶಾಲೆ ತೆರೆದರು. ಮೊಮ್ಮಕ್ಕಳಾದ ನಾವು ವರ್ಷಕ್ಕೊಮ್ಮೆ ಅದನ್ನು ನೆನಪಿಸಿ ಶಾಲು ಹೊದಿಸುತ್ತೇವೆ.

ಆ ಮಧ್ಯೆ ಎಲ್ಲಿ ಏನಾಯಿತೋ. ನಮಗೊಂದು ವಾಕ್ಯ ಸಿಕ್ಕಿಬಿಟ್ಟಿತು: “ಪ್ರಾರ್ಥನೆಯಲ್ಲಿ ನೆನಪು ಮಾಡ್ತೇನೆ.” ಕೆಲಸ ತಪ್ಪಿಸಿಕೊಳ್ಳಲು ಎಲ್ಲರ ಬಳಿಯೂ ಒಂದೊಂದು ವಾಕ್ಯವಿರುತ್ತದೆ. ನಮ್ಮ ಸೊಸೈಟಿಯ ಸೆಕ್ರೆಟರಿ ಮರಾಠಿಯಲ್ಲಿ “ಬಘತೋ”, ನೋಡ್ತೇನೆ, ಅನ್ನುತ್ತಾರೆ, ಶೆಟ್ಟರು “ಆಯ್ತು, ನಾಳೆ ನೋಡುವ” ಅನ್ನುತ್ತಾರೆ. ಇವಕ್ಕೆಲ್ಲ ಒಂದು ಅಪಾಯವಿದೆ. ನಾಳೆ ಎಂಬುದು ಬರುತ್ತದೆ, ಕೇಳಿದವನೂ ಬರುತ್ತಾನೆ. ನಮ್ಮ ವಾಕ್ಯಕ್ಕೆ ಅಂಥ ಭಯವಿಲ್ಲ. ಹೇಳಿದವನಿಗೆ ಪುಣ್ಯ, ಕೇಳಿದವನಿಗೆ ಸಮಾಧಾನ. ಮಾಡಿದೆಯಾ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಇನ್ನೂ ದೊಡ್ಡ ಅನುಕೂಲವೆಂದರೆ ನಾನು ನಿಜವಾಗಿಯೂ ಮಾಡುತ್ತಿದ್ದೆ. ಹಾಗಾಗಿ ನನ್ನ ಮನಸ್ಸಾಕ್ಷಿ ಕೂಡ ನನ್ನನ್ನು ಹಿಡಿಯಲಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ, ಈಸ್ಟರ್ ಕಳೆದ ಮುಂದಿನ ಭಾನುವಾರ, ಹಿಂದಿನ ಬೆಂಚಿನ ಮಾರ್ತಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು. ಚಿತ್ತಾಪುರ ಕಡೆಯವರು, ಐವತ್ತರ ಆಸುಪಾಸು. ಗಂಡ ಇಲ್ಲ. ಐರೋಲಿಯ ಐಟಿ ಕಟ್ಟಡವೊಂದರಲ್ಲಿ ನೆಲ ಒರೆಸುವ ಕೆಲಸ; ಬೆಳಗಿನ ಐದೂವರೆಗೆ ಮನೆ ಬಿಟ್ಟು ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಹೋಗಬೇಕು. ಅವರ ಕೈಯಲ್ಲಿ ನೀಟಾಗಿ ಮಡಚಿದ ಒಂದು ದೊಡ್ಡ ಹಾಳೆ ಇತ್ತು. ಬಿಡಿಸಿ ನೋಡಿದೆ. ಮೇಲಿನ ಅರ್ಧ ಖಾಲಿ. ಕೆಳಗಿನ ಅರ್ಧದಲ್ಲಿ ಸಾಲಾಗಿ ಹೆಬ್ಬೆಟ್ಟುಗಳು, ನಡುನಡುವೆ ವಕ್ರ ವಕ್ರ ಸಹಿಗಳು.

“ಅಣ್ಣಾರ, ನೀವು ಓದ್ದವ್ರು ಅದೀರಿ, ಮರಾಠಿ ಬರೀಲಾಕ ಬರ್ತದ. ಮ್ಯಾಲ ನೀವು ಬರೀರಿ. ಕೆಳಗ ನಮ್ ಓಣಿ ಮಂದೀದು ಹೆಬ್ಬಟ್ಟು ಹಾಕ್ಸೀನಿ,” ಎಂದರು.

ವಿಷಯ ಇಷ್ಟೆ. ಅವರ ಓಣಿಗೂ ದೊಡ್ಡ ರಸ್ತೆಗೂ ನಡುವೆ ಕೊಳಚೆ ನೀರು ಹರಿಯುವ ಒಂದು ನಾಲೆ. ಅದರ ಮೇಲಿದ್ದ ಕಲ್ಲುಚಪ್ಪಡಿ ಹಿಂದಿನ ಮಳೆಗಾಲದಲ್ಲಿ ಮುರಿದುಬಿತ್ತು. ಓಣಿಯ ಗಂಡಸರು ತಾವು ಕೆಲಸ ಮಾಡುವ ಕಡೆಯಿಂದ ಎರಡು ಸೆಂಟ್ರಿಂಗ್ ಹಲಗೆ ತಂದು ಹಾಸಿದ್ದರು. ಶಾಲೆಗೆ ಹೋಗುವ ಮಕ್ಕಳೂ ಕೆಲಸಕ್ಕೆ ಹೋಗುವ ಹೆಂಗಸರೂ ಅದರ ಮೇಲೆಯೇ ಓಡಾಡಬೇಕು. ಮಳೆ ಬರುವುದರೊಳಗೆ ಒಂದು ಸಣ್ಣ ಸಂಕ, ಅಂದರೆ ಕಾಲುಸೇತುವೆ, ಹಿಡಿದುಕೊಳ್ಳಲು ಪಕ್ಕಕ್ಕೊಂದು ಕಂಬಿ, ಅಷ್ಟು ಆಗಬೇಕಿತ್ತು.

“ಹಿಂದಿ ಮಾತಾಡ್ಲಾಕ ಬರ್ತದ್ರಿ ನಮಗ. ಆದ್ರ ಆಫೀಸ್ನಾಗ ಹೋದ್ರ ಬಾಯೇ ಬರಂಗಿಲ್ಲ. ನೀವು ಜರಾ ನಮ್ ಸಂಗಟ ಬಂದು ನಿಂತ್ರ ಸಾಕು,” ಎಂದರು ಮಾರ್ತಮ್ಮ.

ಆಗ ನಾನು ಕೇಳಿದ ಪ್ರಶ್ನೆಯನ್ನು ಬರೆಯಲು ಕೈ ಹಿಂಜರಿಯುತ್ತದೆ. “ನಿಮ್ಮ ಓಣಿಯಲ್ಲಿ ನಮ್ಮವರು ಎಷ್ಟು ಮನೆ ಇದ್ದಾರೆ?” ಎಂದೆ.

“ಎರಡು ರೀ. ಉಳದವ್ರು ಎಲ್ಲಾ ಜಾತಿಯವ್ರು.”

ಎರಡು ಮನೆ ಎಂದ ಕೂಡಲೇ ನನ್ನ ತಲೆ ಬೇಗಬೇಗ ಕೆಲಸ ಮಾಡಿತು. ಕಾಲ ಸರಿಯಿಲ್ಲ. ಚರ್ಚಿನವನೊಬ್ಬ ಬಡವರ ಓಣಿಗೆ ಹೋಗಿ ಅರ್ಜಿಗಿರ್ಜಿ ಅಂದರೆ ನೋಡಿದವರು ಏನೇನೋ ಅಂದುಕೊಂಡಾರು, ಮತಾಂತರಕ್ಕೆ ಬಂದ ಎಂದಾರು. ನಾವು ಇರುವುದೇ ನಾಲ್ಕು ಜನ, ತಲೆ ತಗ್ಗಿಸಿಕೊಂಡು ಇದ್ದರೆ ಕ್ಷೇಮ. ಈ ಅಂಜಿಕೆ ಪೂರ್ತಿ ಸುಳ್ಳೆಂದು ಹೇಳುವುದಿಲ್ಲ, ಅಂಥ ಮಾತು ಕೇಳಿದವರು ನಮ್ಮಲ್ಲಿದ್ದಾರೆ. ಆದರೆ ಆ ದಿನ ನನ್ನನ್ನು ತಡೆದದ್ದು ಅಂಜಿಕೆಯಲ್ಲ, ಸೋಮಾರಿತನ. ಅಂಜಿಕೆ ಹತ್ತಿರದಲ್ಲೇ ಇತ್ತು, ಅದನ್ನು ಹೊದ್ದುಕೊಂಡೆ.

“ನೋಡುವ ಮಾರ್ತಮ್ಮ. ಪ್ರಾರ್ಥನೆಯಲ್ಲಿ ನೆನಪು ಮಾಡ್ತೇನೆ,” ಎಂದೆ.

ಅವರ ಮುಖ ಅರಳಿತು. “ಅಷ್ಟು ಮಾಡ್ರಿ ಅಣ್ಣಾರ,” ಎಂದು ಕೈ ಮುಗಿದರು. ಹಾಳೆಯನ್ನು ನನ್ನ ಹಾಡಿನ ಪುಸ್ತಕದೊಳಗೆ ಇಟ್ಟುಕೊಂಡೆ.

ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರದಿಂದ ಆಯುಕ್ತರು ಆದ ಮೇಲೆ, ನಗರಸೇವಕರು ಖಾಲಿ ಬಿಟ್ಟ ಜಾಗದಲ್ಲಿ, “ನಮ್ಮ ಸಹೋದರಿಯ ಓಣಿಯ ಕಾಲುಸಂಕಕ್ಕಾಗಿಯೂ ಬೇಡಿಕೊಳ್ಳುತ್ತೇವೆ” ಎಂದು ಸೇರಿಸಿದೆ. ಹಿಂದಿನ ಬೆಂಚಿನಿಂದ ಗಟ್ಟಿಯಾದ ಆಮೆನ್ ಕೇಳಿಬಂತು. ಆ ಹಾಳೆಯನ್ನು ನಾನು ಕಳೆಯಲಿಲ್ಲ, ಮರೆಯಲೂ ಇಲ್ಲ. ಹೇಳಿಯೇಬಿಡುತ್ತೇನೆ, ಅದನ್ನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತಿದ್ದೆ. ಆ ದಿನದ ಮೊದಲ ಹಾಡು ಎಲ್ಲಿದೆಯೋ ಅಲ್ಲಿ ಆ ಓಣಿಯವರ ಹೆಬ್ಬೆಟ್ಟುಗಳು.

ನಾನು ಅರ್ಜಿ ಬರೆಯಲಾರದವನು ಎಂದು ಮಾತ್ರ ತಿಳಿಯಬೇಡಿ. ಅದೇ ಬೇಸಿಗೆಯಲ್ಲಿ ನಾನು ಪಾಲಿಕೆಯ ವಾರ್ಡ್ ಕಚೇರಿಗೆ ಆರು ಸಲ ಹೋಗಿ ಬಂದೆ. ಕಾರಣ ಸ್ಮಶಾನ. ಸಭೆಯ ಹಿರಿಯರೊಬ್ಬರು ತೀರಿಕೊಂಡಾಗ ಹತ್ತಿರದಲ್ಲಿ ಹೂಳಲು ಜಾಗವಿಲ್ಲದೆ ಶವಪೆಟ್ಟಿಗೆಯನ್ನು ಎಲ್ಲಿಂದೆಲ್ಲಿಗೋ ಒಯ್ಯಬೇಕಾಯಿತು. ಅದರಿಂದ ಮುಂದಿನ ಬೆಂಚುಗಳಿಗೆ ತಮ್ಮ ಭವಿಷ್ಯದ ಚಿಂತೆ ಹತ್ತಿತು. ಮರಾಠಿ, ತಮಿಳು, ಕನ್ನಡ ಮೂರೂ ಸಭೆಗಳು ಒಂದಾದವು, ಹಿಂದೆಂದೂ ಹಾಗೆ ಆಗಿರಲಿಲ್ಲ. ಅರ್ಜಿ ಬರೆಯುವ ಹೊಣೆ ನನಗೆ ಬಂತು. ಎಂಥ ಮರಾಠಿ ಬರೆದೆ ಅಂತೀರಿ! ‘ಸವಿನಯ ನಿವೇದನ’ದಿಂದ ಆರಂಭಿಸಿ ನಾಲ್ಕು ಪುಟ. ಇಸ್ತ್ರಿ ಅಂಗಿ ಹಾಕಿಕೊಂಡು ಕಚೇರಿ ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ಆ ದಿನಗಳಲ್ಲಿ ನನ್ನ ಮಾಮೂಲಿ ಮೊಣಕಾಲು ನೋವೂ ಇರಲಿಲ್ಲ.

ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತಿದ್ದ ಮ್ಯಾಡಂ ಒಬ್ಬರಿಗೆ ನನ್ನ ಗುರುತು ಚೆನ್ನಾಗಿ ಹತ್ತಿತು. ದೊಡ್ಡ ಕುಂಕುಮ, ತಣ್ಣಗಿನ ಸ್ವರ. ಐದನೆಯ ಸಲ ಹೋದಾಗ ಅವರು ಕಾಗದದ ಮೇಲೆ ಠಸ್ಸೆ ಒತ್ತುತ್ತ ಮರಾಠಿಯಲ್ಲಿ, “ಕಾಕಾ, ಕೋಪ ಮಾಡ್ಕೋಬೇಡಿ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನೀರಿಗೆ ಬರ್ತಾರೆ, ಗಟಾರಕ್ಕೆ ಬರ್ತಾರೆ, ಲೈಟಿಗೆ ಬರ್ತಾರೆ. ನಿಮ್ಮ ಚರ್ಚಿನವರು ಮಾತ್ರ ಯಾರಾದ್ರೂ ಸತ್ತಾಗ ಬರ್ತೀರಿ. ಬದುಕಿರೋವ್ರಿಗೆ ಏನೂ ಬೇಡ್ವಾ?” ಎಂದರು.

ನಾನು ನಕ್ಕೆ. ಒಳ್ಳೆಯ ಮಾತು ಸಿಕ್ಕಿತೆಂದು ಆ ಭಾನುವಾರ ಚಹಾದ ಹೊತ್ತಿಗೆ ಎಲ್ಲರಿಗೂ ಹೇಳಿ ನಗಿಸಿದೆ. ಮಾರ್ತಮ್ಮ ಕೂಡ ಅಲ್ಲೇ ಕಪ್ಪು ತೊಳೆಯುತ್ತ ನಿಂತಿದ್ದರು. ಅದೇ ಕಚೇರಿ, ಅದೇ ಕಿಟಕಿ. ಆರು ಸಲದಲ್ಲಿ ಒಂದೇ ಒಂದು ಸಲ ಆ ಹಾಳೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದರೆ ಸಾಕಿತ್ತು. ಹಾಕಿಕೊಳ್ಳಲಿಲ್ಲ. ಒಂದು ಅರ್ಜಿಯಲ್ಲಿ ನಾನು ಮಲಗುವ ಜಾಗವಿತ್ತು, ಇನ್ನೊಂದರಲ್ಲಿ ಬೇರೆಯವರು ನಡೆಯುವ ಜಾಗ.

ಮಳೆಗಾಲಕ್ಕೆ ಮೊದಲೇ ಸ್ಮಶಾನಕ್ಕೆ ಒಂದು ಮೂಲೆ ಜಾಗ ಮಂಜೂರಾಯಿತು. ಸ್ತೋತ್ರದ ಆರಾಧನೆ ನಡೆಯಿತು. ನನಗೆ ಶಾಲು ಹೊದಿಸಿದರು. ಈಗ ನಮ್ಮ ಸಭೆಯವರು ನಿಶ್ಚಿಂತೆಯಿಂದ ಸಾಯಬಹುದು.

ಜುಲೈ ತಿಂಗಳ ಒಂದು ಬೆಳಗಿನ ಜಾವ ಮಾರ್ತಮ್ಮ ಕೆಲಸಕ್ಕೆ ಹೊರಟವರು ಹಲಗೆಯ ಮೇಲೆ ಜಾರಿ ನಾಲೆಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಐರೋಲಿಯ ಕೆಲಸಕ್ಕೆ ಮೇಸ್ತ್ರಿ ಮರುವಾರವೇ ಬೇರೊಬ್ಬ ಹೆಂಗಸನ್ನು ಇಟ್ಟುಕೊಂಡ. ಇದೆಲ್ಲ ನನಗೆ ತಿಳಿದದ್ದು ಮಾಮೂಲಿನಂತೆ ಪ್ರಾರ್ಥನಾ ಚೀಟಿಯಿಂದ. ‘ಸಹೋದರಿ ಮಾರ್ತಮ್ಮನವರ ಕಾಲಿನ ಸ್ವಸ್ಥತೆಗಾಗಿ’ ಎಂದು ಯಾರೋ ಬರೆದು ಚರ್ಚಿನ ಚೀಟಿ ಪೆಟ್ಟಿಗೆಗೆ ಹಾಕಿದ್ದರು. ಆ ದಿನದ ನನ್ನ ಉಚ್ಚಾರ ಚೆನ್ನಾಗಿರಲಿಲ್ಲ.

ಅವರನ್ನು ನೋಡಲು ಹೊರಟವನು ನಾಲೆಯ ಹತ್ತಿರ ಬಂದು ನಿಂತುಬಿಟ್ಟೆ. ಹದಿನಾಲ್ಕು ಭಾನುವಾರ ಆ ಹಲಗೆಗಾಗಿ ಪ್ರಾರ್ಥಿಸಿದ್ದೆ. ಅದನ್ನು ಅದುವರೆಗೆ ಒಮ್ಮೆಯೂ ಕಣ್ಣಿಂದ ನೋಡಿರಲಿಲ್ಲ. ಎರಡು ಗೇಣು ಅಗಲ, ಮೇಲೆಲ್ಲ ಪಾಚಿ, ಕೆಳಗೆ ಕಪ್ಪು ನೀರಿನ ಓಟ. ನಾನು ಕುಳಿತು, ಹೌದು, ಕುಂಡೆಯೂರಿ ಕುಳಿತು, ಇಂಚಿಂಚಾಗಿ ಜರುಗಿ ದಾಟಿದೆ. ನನ್ನ ಹಿಂದೆ ಚೀಲ ಹೊತ್ತ ಶಾಲೆಯ ಮಕ್ಕಳು ಮುದುಕನ ಅವತಾರ ಮುಗಿಯಲೆಂದು ಕಾಯುತ್ತಿದ್ದರು. ಆಮೇಲೆ ಅವು ನಗುತ್ತ ಓಡಿಕೊಂಡೇ ದಾಟಿದವು.

ಮಾರ್ತಮ್ಮ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ಪಕ್ಕದ ಮನೆಯವಳಿಂದ ನನಗೆ ಚಹಾ ತರಿಸಿದರು. ಆ ಹಾಳೆಯ ವಿಷಯ ಅವರು ಎತ್ತುತ್ತಾರೆ, ಬೈಯುತ್ತಾರೆ, ಬೈಸಿಕೊಂಡು ಹಗುರಾಗಿ ಹೋಗೋಣ ಎಂಬ ಸ್ವಾರ್ಥ ನನ್ನದು.

“ಮಾರ್ತಮ್ಮ, ನನ್ನಿಂದ ತಪ್ಪಾಯ್ತು,” ಎಂದೆ.

“ಅಯ್ಯ, ಹಂಗ್ಯಾಕ ಅಂತೀರಿ ಅಣ್ಣಾರ? ಪ್ರತಿ ಐತ್ವಾರ ನಮ್ ಹಲಗಿಗಿ ಪ್ರಾರ್ಥನಾ ಮಾಡೀರಿ. ಅದಕ್ಕ ಕಾಲೊಂದ ಹೋತು. ಇಲ್ಲಂದ್ರ ಆ ನೀರಾಗ ಜೀವಾನೇ ಹೋಗ್ತಿತ್ತು,” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಅವರು ನಿಜವಾಗಿಯೂ ಹಾಗೆಯೇ ನಂಬಿದ್ದರು. ಆ ವಾರದ ಕೊನೆಗೆ ಊರಿಗೆ ತಂಗಿಯ ಮನೆಗೆ ಹೋಗುವುದಾಗಿ ಹೇಳಿದರು. ಇಲ್ಲಿದ್ದು ಮಾಡುವುದೇನು, ಕೆಲಸವಿಲ್ಲ, ಮೆಟ್ಟಿಲು ಹತ್ತಲಾಗುವುದಿಲ್ಲ, ದಿನಾ ಲೋಕಲ್ ಗಾಡಿ ಹತ್ತುವುದಂತೂ ದೂರ. ನಾನು ಏಳುವಾಗ ಕೈ ಹಿಡಿದುಕೊಂಡು, “ಸಾಲಿ ಹುಡುಗ್ರು ಇನ್ನಾ ಅದರ ಮ್ಯಾಲೇ ಹೋಗ್ಲಾಕತ್ತಾವ್ರಿ. ನೀವು ಪ್ರಾರ್ಥನಾ ಮಾತ್ರ ಬಿಡಬ್ಯಾಡ್ರಿ,” ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಶಿಕ್ಷಕಿಯಾಗಿದ್ದವಳು, ಸಮಾಧಾನ ಹೇಳುವ ಪೈಕಿ ಅಲ್ಲ. ಬೀನ್ಸಿನ ನಾರು ತೆಗೆಯುತ್ತ, “ನಿಮಗೆ ಪ್ರಾರ್ಥನೆ ಮಾಡ್ಲಿಕ್ಕೂ ಬರ್ತದೆ, ಅರ್ಜಿ ಬರೀಲಿಕ್ಕೂ ಬರ್ತದೆ. ಎರಡೂ ಒಂದೇ ಜನರಿಗೆ ಮಾಡ್ಲಿಕ್ಕೆ ಬರುದಿಲ್ಲ, ಅಷ್ಟೇ,” ಎಂದಳು. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಇಷ್ಟು ಚಿಕ್ಕ ಪ್ರಸಂಗವನ್ನು ನಾನು ಯಾವ ಪಾಸ್ಟರಿಂದಲೂ ಕೇಳಿಲ್ಲ.

ಅದೇ ಸಂಜೆ ಊಟದ ಮೇಜಿನ ಮೇಲೆ ಆ ಹಾಳೆ ಬಿಡಿಸಿದೆ. ಪುಸ್ತಕದೊಳಗಿದ್ದು ಮಡಿಕೆಯ ಗೆರೆ ಹಳದಿಯಾಗಿತ್ತು. ಮೇಲಿದ್ದದ್ದು ಅರ್ಧ ಹಾಳೆ ಜಾಗ ಮಾತ್ರ; ನನ್ನ ‘ಸವಿನಯ ನಿವೇದನ’ಕ್ಕೆ ಅಲ್ಲಿ ಆಸ್ಪದವಿರಲಿಲ್ಲ. ನಾಲೆ ಇದೆ, ಹಲಗೆ ಇದೆ, ಮಕ್ಕಳು ದಾಟುತ್ತಾರೆ, ಒಬ್ಬರು ಬಿದ್ದಿದ್ದಾರೆ, ಸಂಕ ಬೇಕು. ಏಳು ಸಾಲಿನಲ್ಲಿ ಮುಗಿಯಿತು. ಈಸ್ಟರಿನ ಮರುವಾರ ಬರೆದಿದ್ದರೆ ಆರೇ ಸಾಲು. ಕೆಳಗೆ ನನ್ನ ಸಹಿ ಹಾಕೋಣವೆಂದರೆ ಜಾಗವಿಲ್ಲ. ಕೊನೆಗೆ ಅಂಚಿನಲ್ಲಿ ಅಡ್ಡಡ್ಡವಾಗಿ ಹಾಕಿದೆ. ಹೆಬ್ಬೆಟ್ಟುಗಳಲ್ಲಿ ನಾಲ್ಕನೆಯದು ಮಾರ್ತಮ್ಮನದು. ಪಕ್ಕದಲ್ಲಿ ಯಾರೋ ಅವರ ಹೆಸರು ಬರೆದಿದ್ದರು.

ಆ ಭಾನುವಾರ ಸಾರ್ವಜನಿಕ ಪ್ರಾರ್ಥನೆಯನ್ನು ಚಿಕ್ಕದು ಮಾಡಿದೆ. ಆಯುಕ್ತರಿಗೆ ವಿವೇಕ ಬೇಡುವ ಕಡೆ ಬಂದಾಗ ನಾಲಿಗೆ ತಡೆಯಿತು. ಆ ವಿವೇಕವನ್ನು ಮೊದಲು ನನಗೆ ಕೊಡು ಎಂದು ಒಳಗೇ ಹೇಳಿಕೊಂಡು ಮುಂದಕ್ಕೆ ಹೋದೆ. ಮಾರ್ತಮ್ಮನ ಬೆಂಚಿನ ತುದಿ ಖಾಲಿಯಿತ್ತು. ಹಿಂದಿನ ರಾತ್ರಿಯ ಗಾಡಿಗೆ ಅವರು ಊರಿಗೆ ಹೋಗಿಯಾಗಿತ್ತು. ಸಂಕ ಆದರೂ ಅವರು ಅದರ ಮೇಲೆ ನಡೆಯುವುದಿಲ್ಲ. ಇದನ್ನು ಸರಿಮಾಡುವ ಅರ್ಜಿ ಯಾವ ಕಚೇರಿಯಲ್ಲೂ ತೆಗೆದುಕೊಳ್ಳುವುದಿಲ್ಲ ಎಂಬುದು ಗುಮಾಸ್ತನಾದ ನನಗೆ ಗೊತ್ತು.

ಸೋಮವಾರ ಓಣಿಯ ನಾಲ್ವರು ಹೆಂಗಸರೊಡನೆ ವಾರ್ಡ್ ಕಚೇರಿಗೆ ಹೋದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಅವರು ನನ್ನ ಹಿಂದೆ ನಿಂತಿದ್ದರು. ನಾನು ಬಂದು ನಿಂತರೆ ಸಾಕೆಂದಿದ್ದರಲ್ಲ ಮಾರ್ತಮ್ಮ, ನಿಜವಾಗಿಯೂ ಮಾಡಬೇಕಾದದ್ದು ಅಷ್ಟೇ ಇತ್ತು. ಕಿಟಕಿಯ ಮ್ಯಾಡಂ ಕನ್ನಡಕ ಏರಿಸಿ ನೋಡಿದರು. ನನ್ನ ಗುರುತು ಹತ್ತಿ ಮುಖ ಗಂಭೀರ ಮಾಡಿಕೊಂಡರು.

“ಅರೆ, ಕಾಕಾ,” ಎಂದರು ಮರಾಠಿಯಲ್ಲಿ, ಮೆಲ್ಲಗೆ. “ಈ ಸಲ ಯಾರು ಹೋದ್ರು?”

ನಾನು ಹಾಳೆಯನ್ನು ಕಿಟಕಿಯೊಳಗೆ ಜಾರಿಸಿದೆ.

“ಇನ್ನೂ ಯಾರೂ ಹೋಗಿಲ್ಲ ಮ್ಯಾಡಂ,” ಎಂದೆ. “ಅದಕ್ಕೇ ಬಂದೆ.”